ಮಂಜಿನಲ್ಲಿ ಹೆಸರು ಹಿಡಿದು ಕೂಗಬಾರದು

ಸಿಕ್ಕಿದಳು!

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಬೇಕಾದ್ದನ್ನು ಬಾಗಿಲಲ್ಲೇ ಹೇಳಿದರೆ ಓದುವವರು ಪೇಪರ್ ಮಡಚಿಟ್ಟು ಎದ್ದುಹೋಗುತ್ತಾರೆ ಎಂದು ನನ್ನ ಹೆಂಡತಿ ಬೈಯುತ್ತಿದ್ದಾಳೆ. ಹೋಗಲಿ. ಕಾಯುವ ತಾಳ್ಮೆ ನಿಮಗಿರಬಹುದು, ಅಲ್ಲಿಯ ತನಕ ಬಾಯಲ್ಲಿ ಹಿಡಿದಿಟ್ಟುಕೊಳ್ಳುವ ತಾಕತ್ತು ನನಗಿಲ್ಲ. ನನ್ನ ಮೊಮ್ಮಗಳು ಸುಮತಿ ಮುಕುರ್ತಿ ಕಾಡಿನ ಮಂಜಿನಲ್ಲಿ ಕಳೆದುಹೋಗಿದ್ದಳು. ಸಿಕ್ಕಿದಳು. ಇದನ್ನು ಬರೆಯುವಾಗ ನನ್ನ ಪಕ್ಕದಲ್ಲೇ ಕೂತು ನನ್ನ ಕಾಫಿಗೇ ಬನ್ನು ಅದ್ದಿ ತಿನ್ನುತ್ತಿದ್ದಾಳೆ. ತಿನ್ನಲಿ. ಲೋಟವನ್ನೂ ತಿನ್ನಲಿ!

(ಈ ವಾರ ಅಕ್ಷರ ಸೊಟ್ಟಗಿದ್ದರೆ ಸಂಪಾದಕರು ಮನ್ನಿಸಬೇಕು. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವನು ನಾನು. ಕೋಸಿನ ಲಾರಿ ಹತ್ತಿ ಮೈಸೂರು ಮಂಡಿಗೆ ಓಡಾಡುತ್ತ, ಅಂಗಡಿ ಬೋರ್ಡುಗಳನ್ನು ನೋಡಿ ಕನ್ನಡ ಓದಲು ಕಲಿತವನು. ನನ್ನ ಅಕ್ಷರ ಯಾವತ್ತು ನೆಟ್ಟಗಿತ್ತು?)

ಊಟಿ ಹತ್ತಿರದ ನಮ್ಮ ನಂಜನಾಡಿನ ಆಲೂಗಡ್ಡೆ ಹೊಲದ ಮೇಲಿನ ಪಟ್ಟಿಯಲ್ಲಿ ನಿಂತರೆ, ಬಿಸಿಲಿದ್ದ ದಿನ, ಪಡುವಣದಲ್ಲಿ ಮುಕುರ್ತಿ ಗುಡ್ಡದ ತುದಿ ಕಾಣುತ್ತದೆ. ಅಂಗಾತ ಮಲಗಿದವರ ಮೂಗಿನ ಹಾಗೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಹೋಗಿರಲಿಲ್ಲ. ಯಾಕೆ ಹೋಗಬೇಕು? ಅಲ್ಲಿ ಆಲೂಗಡ್ಡೆ ಬೆಳೆಯುವುದಿಲ್ಲ. ಹುಲಿ ಇದೆ. ಎಮ್ಮೆಯನ್ನು ನುಂಗುವ ಜೌಗು ಇದೆ. ಹುಲ್ಲು ಮುಚ್ಚಿದ ಕೊರಕಲುಗಳಿವೆ. ಈಗ ಅದಕ್ಕೆ ನ್ಯಾಷನಲ್ ಪಾರ್ಕ್ ಎನ್ನುತ್ತಾರೆ. ನಾನು ಊಟಿಯಲ್ಲಿ ನೋಡಿರುವ ಪಾರ್ಕಿನಲ್ಲಿ ಬೆಂಚು ಇರುತ್ತದೆ, ಕಡಲೆಕಾಯಿ ಮಾರುವವರು ಇರುತ್ತಾರೆ. ಇದು ಎಂಥ ಪಾರ್ಕು?

ಹೊರಡಿಸಿದವನು ಅಳಿಯ ಭೋಜ. ಊಟಿ ಪೇಟೆಯಲ್ಲಿ ಅವನದು ವಾಚ್ ರಿಪೇರಿ ಅಂಗಡಿ. ದಿನವಿಡೀ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಸಾಸಿವೆ ಗಾತ್ರದ ಹಲ್ಲುಚಕ್ರ ನೋಡುವವನಿಗೆ ರಜೆ ಬಂದರೆ ದೊಡ್ಡದೇನಾದರೂ ನೋಡಬೇಕಂತೆ. ಮೀನಿನ ಹುಚ್ಚು ಬೇರೆ. ಮುಕುರ್ತಿಯ ಕೆರೆಯಲ್ಲಿ ಟ್ರೌಟ್ ಇದೆ, ಹಿಂದೆ ಬಿಳಿ ದೊರೆಗಳು ತಂದು ಬಿಟ್ಟ ಮೀನು. ಪರ್ಮಿಟ್ ಮಾಡಿಸಿದರೆ ಗಾಳ ಹಾಕಬಹುದು, ಫಿಶಿಂಗ್ ಹಟ್ ಪಕ್ಕದಲ್ಲಿ ಟೆಂಟು ಹೊಡೆದು ಮಲಗಬಹುದು. ಅವನ ಮಗಳು ಸುಮತಿಗೆ ಹಕ್ಕಿಯ ಹುಚ್ಚು. ಗಿರಾಕಿಯೊಬ್ಬರು ಬೇಡವೆಂದು ಬಿಟ್ಟುಹೋದ ಬೈನಾಕ್ಯುಲರನ್ನು ಅಪ್ಪ ರಿಪೇರಿ ಮಾಡಿ ಕೊಟ್ಟಿದ್ದಾನೆ. ಅದು ಅವಳ ಹೊಟ್ಟೆಯ ತನಕ ನೇತಾಡುತ್ತದೆ. ಎರಡನೇ ಕ್ಲಾಸು. ಮುಂದಿನ ಹಲ್ಲು ಬಿದ್ದಿದೆ.

"ಅಜ್ಜ ಬಂದಲೆ ತಾ ನಾ ಬಪ್ಪೆ," ಎಂದಳು. ಅಜ್ಜ ಬಂದರೆ ಮಾತ್ರ ಬರುತ್ತಾಳಂತೆ!

ಹೀಗೆ ಕರೆದರೆ ಯಾವ ಅಜ್ಜ ಮನೆಯಲ್ಲಿ ಕೂರುತ್ತಾನೆ? ಹುಲಿಯ ಬಾಯಿಗೆ ಕೈ ಹಾಕು ಎಂದಿದ್ದರೂ ಹಾಕುತ್ತಿದ್ದೆ. (ಹಾಕುತ್ತಿರಲಿಲ್ಲ. ಹಾಕುತ್ತೇನೆ ಎಂದಂತೂ ಹೇಳುತ್ತಿದ್ದೆ.)

ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ರಾತ್ರಿ ಹೊರಗ ಹೋಗೋಕೆ ಎನ್ನ ಎಬ್ಬಿಸುವ ಆಳು ನಿಂಗ. ಕಾಡುಗ ಹೋಗಿ ಯಾರ ಎಬ್ಬಿಸುವಿರಿ? ಕರಡಿಯನ್ನಾ?"

ನಾನು ಟಾರ್ಚಿಗೆ ಹೊಸ ಸೆಲ್ಲು ಹಾಕಿಕೊಂಡೆ.

ಹೊರಡುವ ಮೊದಲೇ ಸುಮತಿ ನನ್ನ ಬಿಳಿ ರುಮಾಲು ಬಿಚ್ಚಿಸಿದಳು. ಬಿಳಿ ಕಂಡರೆ ಹಕ್ಕಿಗಳು ಹಾರಿಹೋಗುತ್ತವಂತೆ. ಮದುವೆಗೂ ಸಾವಿಗೂ ರುಮಾಲಿಲ್ಲದೆ ಹೊಸಿಲು ದಾಟದ ಮನುಷ್ಯ ನಾನು. ಅವಳ ಅಪ್ಪನ ಕಂದು ಬಣ್ಣದ ಮಂಕಿ ಕ್ಯಾಪ್ ತಲೆಗೆ ಎಳೆದುಕೊಂಡೆ. ಕಾಲಿಗೆ ಅಳಿಯನದೇ ಕ್ಯಾನ್ವಾಸ್ ಶೂ. ಕನ್ನಡಿ ನೋಡಿಕೊಂಡೆ. ಬ್ಯಾಂಕ್ ದರೋಡೆಗೆ ಹೊರಟವನ ಹಾಗಿದ್ದೆ.

ಕಾಡಿನಲ್ಲಿ ನಮ್ಮ ಜೊತೆಗೆ ಬಾಲನ್ ಎಂಬ ಅರಣ್ಯ ಇಲಾಖೆಯ ವಾಚರ್ ಬಂದ. ಗೂಡಲೂರು ಕಡೆಯವನು. ಮಲಯಾಳ, ತಮಿಳು, ಕನ್ನಡ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸುತ್ತಾನೆ. ಏನು ಕೇಳಿದರೂ ಅವನ ಬಾಯಲ್ಲಿ ಮೊದಲು ಬರುವುದು "ಒನ್ನುಮಿಲ್ಲ", ಅಂದರೆ ಏನೂ ಇಲ್ಲ.

ಸಂಜೆ ಟೆಂಟು ಕಟ್ಟುವಾಗ ಗುಡ್ಡದ ಮೇಲಿಂದ ಸದ್ದು ಬಂತು. ಹಳೇ ಬಸ್ಸಿನ ಹಾರನ್ನು ಒತ್ತಿದಂತೆ.

"ಏನದು ಬಾಲಾ?"

"ಒನ್ನುಮಿಲ್ಲ ಅಜ್ಜಾ. ಕಡವೆ."

"ಕಡವೆ ಯಾಕೆ ಹಂಗೆ ಕೂಗುತ್ತೆ?"

"ಒನ್ನುಮಿಲ್ಲ. ಹುಲಿ ಪಾತ್ತಿರುಕ್ಕುಂ."

ಹುಲಿಯನ್ನು ನೋಡಿರಬಹುದಂತೆ! ಅದು ಏನೂ ಇಲ್ಲವಂತೆ! ಆ ರಾತ್ರಿ ನಾನು ಟೆಂಟಿನಲ್ಲಿ ಮಲಗಿದ್ದೆ ಎಂದು ಹೇಳಬಲ್ಲೆ, ನಿದ್ದೆ ಮಾಡಿದೆ ಎಂದು ಹೇಳಲಾರೆ. ನಡುವೆ ಸುಮತಿ, ಬೈನಾಕ್ಯುಲರ್ ತಬ್ಬಿಕೊಂಡು ಹಾಯಾಗಿ ಗೊರಕೆ ಹೊಡೆಯುತ್ತಿದ್ದಳು.

ಆದರೆ ಬೆಳಗು! ಅದನ್ನು ಹೇಗೆ ಹೇಳಲಿ? ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದಂತೆ ಹಿಮ. ಕೆರೆಯಿಂದ ಹೊಗೆ. ಸುಮತಿ ನನ್ನ ಕೈ ಹಿಡಿದು ಗಿಡ್ಡ ಮರಗಳ ಸೋಲೆ ಕಾಡಿನ ಅಂಚಿಗೆ ಕರೆದುಕೊಂಡು ಹೋದಳು. ಬೆರಳು ತುಟಿಯ ಮೇಲೆ. ಬೈನಾಕ್ಯುಲರ್ ನನ್ನ ಕಣ್ಣಿಗೆ ಒತ್ತಿದಳು. ನನಗೆ ಕಂಡದ್ದು ಬರೀ ಮಬ್ಬು. "ಕಂಡದಾ ಅಜ್ಜಾ?" "ಕಂಡ್ತು ಕಂಡ್ತು" ಎಂದೆ. ಆ ಮುಖ ನೋಡಿ ಇಲ್ಲ ಎನ್ನಲು ಯಾರಿಂದಾದೀತು? ಆಮೇಲೆ ನಿಜವಾಗಿಯೂ ಕಂಡಿತು. ಕಿತ್ತಳೆ ಹಣ್ಣಿಗೆ ಕರೀ ಕೋಟು ತೊಡಿಸಿದಂಥ ಒಂದು ಪುಟ್ಟ ಹಕ್ಕಿ. ಅದು ನನ್ನನ್ನೇ ನೋಡಿತು. ನನ್ನ ಕ್ಯಾಪಿಗೆ ಹೆದರಲಿಲ್ಲ. ಪೊದೆಯೊಳಗೆ ಇನ್ನೊಂದು ಜಾತಿಯ ಹಕ್ಕಿಗಳು, ಗುಂಪು ಕಟ್ಟಿಕೊಂಡು, ಮನುಷ್ಯರು ನಕ್ಕಂತೆಯೇ ಕಿಲಕಿಲ ಎನ್ನುತ್ತಿದ್ದವು. ಸುಮತಿಯೂ ನಕ್ಕಳು. ಯಾವುದು ಹಕ್ಕಿ, ಯಾವುದು ಮೊಮ್ಮಗಳು, ಗೊತ್ತಾಗಲಿಲ್ಲ. ಇಷ್ಟು ಸಂತೋಷವನ್ನು ದೇವರು ನನ್ನಂಥವನಿಗೆ ಯಾಕೆ ಕೊಟ್ಟ ಎಂದುಕೊಂಡೆ.

ಹಾಗೆಲ್ಲ ಅಂದುಕೊಳ್ಳಬಾರದು. ದೃಷ್ಟಿಯಾಗುತ್ತದೆ.

ಮಧ್ಯಾಹ್ನ. ಅಳಿಯ ಕೆಳಗೆ ನೀರಿನ ಅಂಚಿನಲ್ಲಿ ಗಾಳ ಹಿಡಿದು ನಿಂತಿದ್ದ. ಬಾಲನ್ ಫಿಶಿಂಗ್ ಹಟ್‌ನ ಮುಂದೆ ಚಹಾಕ್ಕೆ ಬೆಂಕಿ ಊದುತ್ತಿದ್ದ. ನಾನೂ ಸುಮತಿಯೂ ಹುಲ್ಲುಗುಡ್ಡದ ಇಳುಕಲಿನಲ್ಲಿ. ಒಂದು ಕಂದು ಹಕ್ಕಿ ನೆಲದ ಮೇಲೆ ಓಡುತ್ತಿತ್ತು, ಅವಳು ಅದರ ಹಿಂದೆ ಬಗ್ಗಿ ಬಗ್ಗಿ ಹೋಗುತ್ತಿದ್ದಳು. ನನ್ನ ಶೂ ಲೇಸು ಬಿಚ್ಚಿತು. ಲೇಸು ಕಟ್ಟುವುದು ನನಗೆಲ್ಲಿ ಬರುತ್ತದೆ? ಕೂತೆ. ಹೆಣಗಾಡಿದೆ. ಗೋಣಿಚೀಲದ ಬಾಯಿ ಕಟ್ಟಿದ ಹಾಗೆ ಗಂಟು ಹಾಕಿ ತಲೆ ಎತ್ತಿದೆ.

ಗುಡ್ಡ ಇರಲಿಲ್ಲ. ಕೆರೆ ಇರಲಿಲ್ಲ. ಸುಮತಿ ಇರಲಿಲ್ಲ.

ಕೇರಳದ ಕಡೆಯಿಂದ ಮಂಜು ಹಾಲು ಉಕ್ಕಿದಂತೆ ಉಕ್ಕಿ ಬಂದಿತ್ತು. ನನ್ನ ಶೂ ನನಗೇ ಕಾಣುತ್ತಿರಲಿಲ್ಲ.

"ಸುಮತೀ!" ಎಂದೆ.

ಇಲ್ಲ.

"ಸುಮತೀ! ಏ ಸುಮತೀ!"

ಇಲ್ಲ. ಈಗ ತಾನೇ ಇಲ್ಲೇ ಇದ್ದವಳು. ನೀವು ಪೇಟೆಯ ಜನ, ಜಾತ್ರೆಯಲ್ಲಿ ಮಗು ಕೈ ಬಿಟ್ಟು ಕಾಣೆಯಾದರೆ ಹೇಗಿರುತ್ತದೆ, ನಿಮಗೆ ಗೊತ್ತಿದೆ. ಜಾತ್ರೆಯಲ್ಲಿ ಸುತ್ತ ಜನ ಇರುತ್ತಾರೆ. ಇಲ್ಲಿ ಸುತ್ತ ಏನಿತ್ತು? ಬಿಳಿ. ಬರೀ ಬಿಳಿ.

ನನ್ನ ಕೂಗು ಕೇಳಿ ಭೋಜ ಓಡಿಬಂದ. ಗಾಳದ ಕೋಲು ಕೈಯಲ್ಲೇ ಇತ್ತು. ನನ್ನ ಮುಖ ನೋಡಿ ಬಾಯಿ ತೆರೆದ. "ಸುಮತೀ... ಅಪ್ಪ ಬಂದಿದ್ದೆ ಕೂಸೇ... ಸುಮತೀ!" ಅವನದು ದೊಡ್ಡ ಗಂಟಲು. ಆ ಕೂಗು ಹೋಗಿ ಎಲ್ಲೋ ಬಡಿದು ತಿರುಗಿ ಬಂತು. "...ಮತೀ." ಎಡಗಡೆಯಿಂದ ಯಾರೋ ಕರೆದಂತೆ. ಅವನು ಎಡಕ್ಕೆ ಓಡಿದ. ಬಲಗಡೆ ಕಿಲಕಿಲ ನಗು. "ಅಲ್ಲಿ!" ಎಂದು ನಾನು ಬಲಕ್ಕೆ ಓಡಿದೆ. ಹಕ್ಕಿ! ಬೆಳಿಗ್ಗೆ ಅಷ್ಟು ಚೆಂದ ಕೇಳಿಸಿದ ನಗು, ಈಗ ಅಣಕಿಸಿದಂತಿತ್ತು.

ಬಾಲನ್ ಚಹಾಪಾತ್ರೆಯ ಮುಚ್ಚಳ ಹಿಡಿದುಕೊಂಡೇ ಬಂದ. "ಒನ್ನುಮಿಲ್ಲ ಅಜ್ಜಾ, ಒನ್ನುಮಿಲ್ಲ, ಪೇಡಿಕ್ಕಂಡ," ಎನ್ನುತ್ತಿದ್ದ. ಹೆದರಬೇಡ ಎನ್ನುವವನ ಕೈಯ ಮುಚ್ಚಳ ಬೆಂಕಿಪೊಟ್ಟಣ ಅಲ್ಲಾಡಿಸಿದಂತೆ ಕಟಕಟ ಎನ್ನುತ್ತಿತ್ತು. ಆಮೇಲೆ ಅವನೂ ತನ್ನ ಭಾಷೆಯಲ್ಲಿ ಮಗಳೇ ಎಂದು ಕೂಗಿದ. "ಮೋಳೇ... ಸುಮತಿ ಮೋಳೇ..."

ಅಷ್ಟರಲ್ಲಿ ಭೋಜ ಕಿರುಚಿದ. ಹೋದೆವು. ಜೌಗಿನಲ್ಲಿ ಒಂದು ಕಾಲು ತೊಡೆಯ ತನಕ ಹೂತಿತ್ತು. ಗಾಳದ ಕೋಲನ್ನು ನಮ್ಮ ಕಡೆ ಚಾಚಿದ. ಬಾಲನ್ ಅದನ್ನು ಹಿಡಿದ, ನಾನು ಬಾಲನ್‌ನ ಸೊಂಟ ಹಿಡಿದೆ. ಎಳೆದೆವು, ಕಾಲು ಮೇಲೆ ಬಂತು. ಯಾರೂ ಮಾತಾಡಲಿಲ್ಲ. ಮೂವರ ಮನಸ್ಸಿನಲ್ಲಿಯೂ ಇದ್ದದ್ದು ಒಂದೇ. ಇವನ ಕಾಲು ಇಷ್ಟು ಹೋಗಿದ್ದರೆ, ಅವಳು ಇರುವುದೇ ಇಷ್ಟೆತ್ತರ...

ಆ ಮೌನದಲ್ಲಿ ನನಗೆ ಕೇಳಿಸಿತು. ಹತ್ತಿರದಲ್ಲೇ. ಮೂಗು ಎಳೆದುಕೊಂಡ ಸದ್ದು.

"ಸುಮತೀ!" ಎಂದ ಭೋಜ.

ಸದ್ದು ನಿಂತುಹೋಯಿತು. ಯಾರೋ ಬಾಯಿ ಮುಚ್ಚಿದ ಹಾಗೆ.

ಆಗ ನನ್ನ ತಲೆಗೆ ಸಿಡಿಲು ಹೊಡೆಯಿತು. ಬಾಯಿ ಮುಚ್ಚಿಸಿದ್ದು ಬೇರೆ ಯಾರೂ ಅಲ್ಲ. ನಾನು.

ನಮ್ಮ ಹೊಲಗಳ ಕಡೆ ಒಂದು ಪದ್ಧತಿ ಇದೆ. ಮಂಜು ಇಳಿದಾಗ ಯಾರನ್ನೂ ಹೆಸರು ಹಿಡಿದು ಕೂಗಬಾರದು. ಮಂಜು ಹೆಸರನ್ನು ಕಲಿತುಬಿಡುತ್ತದೆ, ಆಮೇಲೆ ಅದೇ ಕರೆಯುತ್ತದೆ, ಓ ಎಂದು ಹೋದವರು ತಿರುಗಿ ಬರುವುದಿಲ್ಲ. ಹಾಗಂತ ನಮ್ಮವ್ವೆ ಹೇಳಿದ್ದಳು, ಅವಳಿಗೆ ಅವಳವ್ವೆ. ಅದಕ್ಕೇ ಒಂದೊಂದು ಮನೆಗೂ ಒಂದೊಂದು ಕೂಗು. ನಮ್ಮ ಮನೆಯದು "ಊ...ಯ್", ಕೊನೆಯಲ್ಲಿ ಮೇಲಕ್ಕೆ ಎತ್ತಬೇಕು. ಮೇಲಿನ ಪಟ್ಟಿಯಲ್ಲಿ ಆಲೂಗಡ್ಡೆ ಅಗೆಯುವವರು ಕೂಗಿದರೆ ಕೆಳಗಿನ ಪಟ್ಟಿಯವರು ಅದೇ ಕೂಗು ತಿರುಗಿಸಬೇಕು. ಸುಮತಿ ರಜೆಗೆ ಬಂದಾಗೆಲ್ಲ ಒಲೆಯ ಮುಂದೆ ಕೂರಿಸಿಕೊಂಡು ಇದನ್ನು ಹೇಳಿದ್ದೆ. ದನಿ ಬದಲಿಸಿ, ಕಣ್ಣು ಅಗಲಿಸಿ. ಹೆಸರು ಹಿಡಿದು ಕರೆದರೆ ಅದು ನಮ್ಮವರಲ್ಲ. ಅಪ್ಪನ ದನಿಯಲ್ಲಿ ಕರೆದರೂ ಅಲ್ಲ. ಅಲ್ಲೇ ಕೂತುಬಿಡು, ಉಸಿರು ಬಿಡಬೇಡ. ಅವಳು ಹೆದರಿ ನನ್ನ ಕಂಬಳಿಯೊಳಗೆ ತೂರಿಕೊಳ್ಳುತ್ತಿದ್ದಳು. ನನಗೆ ಖುಷಿ!

ಈಗ ನಾವು ಮೂರು ಜನ ನಿಂತು ಹೆಸರು ಹಿಡಿದು ಕೂಗುತ್ತಿದ್ದೇವೆ. ಮೊದಲು ಕೂಗಿದವನು ನಾನೇ. ನಾವು ಕೂಗಿದಷ್ಟೂ ಅವಳು ಉಸಿರು ಹಿಡಿಯುತ್ತಿದ್ದಾಳೆ.

"ಭೋಜಾ, ಹೆಸರು ಕೂಗಬೇಡ," ಎಂದೆ.

"ಏನಂದಿರಿ ಮಾವಾ?"

"ಕೂಗಬೇಡ. ಅವಳು ಹೆದರಿದ್ದಾಳೆ. ನಮಗೇ ಹೆದರಿದ್ದಾಳೆ."

"ತಲೆ ಕೆಟ್ಟಿದಾ ನಿಂಗಗ? ಎನ್ನ ಕೂಸ ನಾ ಕೂಗದೆ ಯಾರು ಕೂಗಬೇಕು?" ಮತ್ತೆ ಬಾಯಿ ತೆರೆದ. ಪೇಟೆಯಲ್ಲಿ ಬೆಳೆದವನು. ಬೀದಿದೀಪದ ಕೆಳಗೆ ಯಾರು ಯಾರಿಗೆ ಮಂಜಿನ ಮಾತು ಹೇಳುತ್ತಾರೆ?

ನಮ್ಮಲ್ಲಿ ಅಳಿಯ ತಲೆ ಬಗ್ಗಿಸುತ್ತಾನೆ, ಮಾವ ತಲೆಯ ಮೇಲೆ ಕೈಯಿಟ್ಟು ಹರಸುತ್ತಾನೆ. ಅದು ಬಿಟ್ಟರೆ ಮೈ ಮುಟ್ಟುವುದಿಲ್ಲ. ನಾನು ಅವನ ಬಾಯಿಯನ್ನೇ ಒತ್ತಿ ಹಿಡಿದೆ. ಕೊಸರಿದ. ಬಿಡಲಿಲ್ಲ. ಅಂಗೈಗೆ ಅವನ ಹಲ್ಲು ತಾಗಿತು, ಕಣ್ಣೀರು ಇಳಿಯಿತು. ತಂದೆಯೊಬ್ಬ ಮಗಳನ್ನು ಕೂಗದಂತೆ ತಡೆಯುವುದು... ನನ್ನ ಶತ್ರುವಿಗೂ ಆ ಕೆಲಸ ಬೇಡ.

ಅವನು ಸುಮ್ಮನಾದ. ಬಾಲನ್ ಸುಮ್ಮನಾದ. ಮುಚ್ಚಳ ಕೂಡ ಸುಮ್ಮನಾಯಿತು.

ನಾನು ನಮ್ಮ ಮನೆಯ ಕೂಗು ಹಾಕಲು ಬಾಯಿ ತೆರೆದೆ. ಜೀವಮಾನವಿಡೀ ಹೊಲದಲ್ಲಿ ಹಾಕಿದ ಕೂಗು. ಬರಲಿಲ್ಲ. ಎಂಜಲು ಸೇರಿಸಿ ಮತ್ತೆ ತೆರೆದೆ. "ಊ..." ಎಂದಿತು, ಮೇಲೆ ಎತ್ತಬೇಕಾದಲ್ಲಿ ಮುರಿದು ಕೆಳಗೆ ಬಿತ್ತು. ಕೂಗಲ್ಲ ಅದು, ಅಳು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಆ ಗುಡ್ಡದ ಮೇಲೆ ನಿಂತು ಗೊಳೋ ಎಂದು ಅತ್ತುಬಿಟ್ಟೆ.

ಏನೂ ಇಲ್ಲ. ಮಂಜು ಅಲುಗಲಿಲ್ಲ. ಮುಗಿಯಿತು ಎಂದುಕೊಂಡೆ. ಹೆಂಡತಿಗೆ ಏನು ಹೇಳಲಿ, ಮಗಳಿಗೆ ಯಾವ ಮುಖ ತೋರಿಸಲಿ?

"ಊ...ಯ್."

ಎಳೇ ದನಿ. ಹಲ್ಲಿಲ್ಲದ ಬಾಯಿಯ, ಗಾಳಿ ಸೋರುವ ದನಿ. ಟೆಂಟಿನ ಹಗ್ಗ ಬಿಚ್ಚಿದರೆ ಮುಟ್ಟುವಷ್ಟು ದೂರ!

ಕೈಯೂರಿ, ನೆಲ ಮುಟ್ಟಿ ನೋಡುತ್ತ ಹೋದೆ. ಒಂದು ಬಂಡೆ. ಬಂಡೆಯ ಬುಡದಲ್ಲಿ ಸ್ವೆಟರನ್ನು ತಲೆಯ ಮೇಲೆ ಎಳೆದುಕೊಂಡು ಮುದುಡಿದ ಒಂದು ಸಣ್ಣ ಮೂಟೆ. ಮೂಟೆ ಕಣ್ಣು ತೆಗೆದು ನನ್ನ ಮಂಕಿ ಕ್ಯಾಪ್ ನೋಡಿ ಕಿಟಾರನೆ ಕಿರುಚಿತು. ನಾನು ಕ್ಯಾಪ್ ಕಿತ್ತು ಎಸೆದೆ. (ಭೋಜ ಕ್ಷಮಿಸಲಿ, ಹೊಸದು.) ನನ್ನ ಬೋಳುತಲೆ ಕಂಡದ್ದೇ ತಡ ಕುತ್ತಿಗೆಗೆ ಜೋತುಬಿದ್ದಳು. ಬೈನಾಕ್ಯುಲರ್ ನನ್ನ ಪಕ್ಕೆಗೆ ಹೊಡೆಯಿತು. ಇನ್ನೂ ನೋವಿದೆ. ಇರಲಿ, ಆ ನೋವು ಇರಲಿ!

ಗಾಳಿ ಬೀಸಿ ಮಂಜು ಒಂದಿಷ್ಟು ಹರಿಯಿತು. ಬಂಡೆಯ ಆಚೆ ನೆಲ ಇರಲಿಲ್ಲ. ಹುಲ್ಲು ಬಾಗಿದ್ದ ಕಡೆ ಗುಡ್ಡ ಕಡಿದುಹೋಗಿತ್ತು. ಬಹಳ ಕೆಳಗೆ ತೊರೆಯ ಸದ್ದು. ಆಚೆ ದಡದ ಗೋಡೆಗೇ ಬಡಿದು ನಮ್ಮ ಕೂಗು ತಿರುಗಿ ಬರುತ್ತಿದ್ದದ್ದು. ಅಪ್ಪನ ದನಿ ಅಲ್ಲಿಂದಲೇ ಅವಳನ್ನು ಕರೆಯುತ್ತಿದ್ದದ್ದು.

ಭೋಜ ಅದನ್ನು ನೋಡಿದ. ಕೂತುಬಿಟ್ಟ. ಬಾಲನ್ "ಒನ್ನುಮಿಲ್ಲ" ಎಂದು ಶುರುಮಾಡಿದವನು ಪೂರ್ತಿ ಮಾಡದೆ ನನ್ನ ಹೆಗಲಿಗೆ ಹಣೆಯಿಟ್ಟ. ಫಿಶಿಂಗ್ ಹಟ್‌ಗೆ ಮರಳಿದಾಗ ಚಹಾ ಕುದಿದು ಟಾರಾಗಿತ್ತು. ಕುಡಿದೆವು. ಅಂಥ ಚಹಾ ನಾನು ಕುಡಿದದ್ದೇ ಇಲ್ಲ. ಸುಮತಿಯನ್ನು ಮಡಿಲಿಂದ ಇಳಿಸದೆ, ಅವಳ ತಲೆ ಮೂಸುತ್ತ, ನಗುತ್ತ, ಅಳುತ್ತ ಕುಡಿದೆ. ಮೀನು? ಮೀನಿನ ನೆನಪು ಯಾರಿಗಿತ್ತು!

ಜಗಳ ಶುರುವಾದದ್ದು ಜೀಪಿನಲ್ಲಿ, ನಾನು ಆ ಮಂಜಿನ ಕತೆ ಬಾಯಿಬಿಟ್ಟ ಮೇಲೆ.

"ಮಾವಾ, ನಿಂಗಳ ಭೂತದ ಕತೆ ಎನ್ನ ಕೂಸ ಕೊಲ್ಲುತ್ತಿತ್ತು," ಎಂದ ಭೋಜ. ತಪ್ಪೇನಿದೆ? ಮಗು ಓ ಎಂದಿದ್ದರೆ ಆಗಲೇ ಸಿಗುತ್ತಿದ್ದಳು.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿಯದು ಬೇರೆಯೇ ರಾಗ. "ಕೊಲ್ಲುತ್ತಿತ್ತಾ? ಆ ಕತೆ ಇಲ್ಲದಿದ್ದರೆ ಕೂಸು ನಿನ್ನ ದನಿ ಹಿಡಿದು ಕೊರಕಲಿಗ ಓಡುತ್ತಿತ್ತು. ಕೂತದಕ್ಕ ತಾ ಉಳಿದದು." ಇದರಲ್ಲೂ ತಪ್ಪೇನಿದೆ?

ನಾನು ಇಬ್ಬರಿಗೂ ತಲೆಯಾಡಿಸಿದೆ. ಹೇಡಿ ಎಂದರು ಇಬ್ಬರೂ. ಆ ವಿಷಯದಲ್ಲಾದರೂ ಅವರು ಒಂದಾದರಲ್ಲ!

ಮಕ್ಕಳಿಗೆ ಹೆದರಿಕೆ ಹೇಳಿಕೊಡದ ಮನೆ ಯಾವುದಿದೆ, ಹೇಳಿ. ಗುಮ್ಮ ಬರುತ್ತಾನೆ ಎನ್ನುತ್ತೇವೆ. ಪೇಟೆಯವರು ಗುರುತಿಲ್ಲದವರ ಚಾಕೊಲೇಟ್ ತಿನ್ನಬೇಡ ಎನ್ನುತ್ತಾರೆ, ಸ್ವಿಚ್ ಮುಟ್ಟಬೇಡ, ಬಾವಿ ಬಗ್ಗಿ ನೋಡಬೇಡ. ಒಂದು ಅಂಜಿಕೆ ಮಗುವನ್ನು ಹಿಡಿದು ನಿಲ್ಲಿಸುತ್ತದೆ, ಇನ್ನೊಂದು ಮಗುವಿನ ಬಾಯಿ ಕಟ್ಟುತ್ತದೆ. ಎರಡೂ ಒಂದೇ ಅಂಜಿಕೆಯಾಗಿದ್ದರೆ ಏನು ಮಾಡುವುದು? ಬೀಜದ ಆಲೂಗಡ್ಡೆಯಲ್ಲಿ ಕೊಳೆತದ್ದನ್ನು ಕೊಯ್ದು ಬಿಸಾಡಿ ಕಣ್ಣಿರುವ ಭಾಗ ಮಾತ್ರ ಊರುತ್ತೇವೆ. ಹಾಗೆ ಕೊಯ್ಯುವ ಕತ್ತಿ ಇದಕ್ಕೆ ಎಲ್ಲಿದೆ?

ಮೊನ್ನೆ ಮೆಲ್ಲಗೆ ಸುಮತಿಯನ್ನೇ ಕೇಳಿದೆ. "ನಾವು ಕೂಗಿದ್ದು ಕೇಳ್ತಾ?"

"ಎಲ್ಲ ಕೇಳ್ತು. ಅಪ್ಪ, ಬಾಲಣ್ಣ, ನೀನು. ನೀನೂ ಹೆಸರು ತಾ ಕೂಗಿದೆ ಅಜ್ಜಾ. ಮಂಜು ನಿನ್ನ ತಿಂದು ನಿನ್ನ ದನಿ ಎತ್ತಿಕೊಂಡದು ಎಂದು ನಾ ಅತ್ತೆ."

ಕೇಳಿದಿರಾ? ಬಂಡೆಯ ಬುಡದಲ್ಲಿ ಕೂತು ಅವಳು ಅತ್ತದ್ದು ನನಗಾಗಿ!

"ಆಮೇಲೆ ನಮ್ಮ ಮನೆ ಕೂಗು ಹಾಕಿದೆನಲ್ಲ, ಅದಕ್ಕೆ ಓ ಎಂದೆಯಾ?"

"ಅದು ನಮ್ಮ ಕೂಗಾ? ನಡುವ ಮುರಿದುಹೋತು. ತಪ್ಪು ಕೂಗು ಅದು."

"ಮತ್ತೆ ಯಾಕೆ ತಿರುಗಿಸಿ ಕೂಗಿದೆ?"

ಅಷ್ಟರಲ್ಲಿ ಬೇಲಿಯ ಮೇಲೆ ಯಾವುದೋ ಹಕ್ಕಿ ಕೂತಿತು. ಬೈನಾಕ್ಯುಲರ್ ಎತ್ತಿಕೊಂಡು ಓಡಿದಳು. ಮಕ್ಕಳು ನಮಗೆ ಬೇಕಾದ ಉತ್ತರವನ್ನು ಯಾವತ್ತು ನಿಂತು ಹೇಳಿದ್ದಾರೆ?

ನಿನ್ನೆ ಸಂಜೆ ಅಂಗಳಕ್ಕೆ ಮಂಜು ಇಳಿಯಿತು. ಸುಮತಿ ಪಕ್ಕದ ಮನೆಯ ಪುಟ್ಟ ಹುಡುಗಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ಥೇಟ್ ನನ್ನ ಹಾಗೆಯೇ ಕಣ್ಣು ಅಗಲಿಸಿ ಪಾಠ ಮಾಡುತ್ತಿದ್ದಳು. ಮಂಜಿನಲ್ಲಿ ಯಾರು ಹೆಸರು ಹಿಡಿದು ಕೂಗಿದರೂ ಮಾತಾಡಬಾರದು. ಅಲ್ಲೇ ಕೂತುಬಿಡಬೇಕು.

ಎದ್ದುಹೋಗಿ ತಡೆಯಲೇ, ಬಿಡಲೇ? ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಅವಳು ಪಾಠ ಮುಗಿಸಿರಲಿಲ್ಲ. "ಆದರ, ಕೂಗುವ ದನಿ ಅಳುತ್ತಿದ್ದಲೆ ಓ ಎನ್ನಬೇಕು," ಎಂದಳು. "ಭೂತ ಅಳೋದಿಲ್ಲೆ. ಅದು ಅಂಜಿದ ಅಜ್ಜ."

ನಮ್ಮವ್ವೆ, ಅವಳವ್ವೆ, ಅವಳ ಅವ್ವೆ, ಮಂಜಿನಲ್ಲೇ ಹುಟ್ಟಿ ಮಂಜಿನಲ್ಲೇ ಮುದುಕರಾದ ಇಷ್ಟೊಂದು ಹಿರಿಯರಲ್ಲಿ ಒಬ್ಬರಿಗಾದರೂ ಈ ಮಾತು ಸೇರಿಸಬೇಕೆಂದು ಯಾಕೆ ಹೊಳೆಯಲಿಲ್ಲ?